ಯಾರೂ ಏನೂ ಅನ್ನಲಿಲ್ಲ

“ಅರ್ಜೆಂಟೇನಿಲ್ಲ ಅಕ್ಕ, ಬಟ್ಟೆ ವಾಪಸ್ ಕೊಟ್ಬಿಡಿ,” ಎಂದಳು ಬ್ಯಾಂಕಿನ ಕ್ಯಾಷಿಯರನ ಹೆಂಡತಿ.

“ಆಗ್ಲೇ ಕತ್ತರಿಸಿಬಿಟ್ಟಿದೀನಲ್ಲಮ್ಮ!”

“ಪರವಾಗಿಲ್ಲ. ಹಾಗೇ ಕೊಡಿ.”

ಟೈಲರಕ್ಕ ಅವಳ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ತೋಳು, ಬೆನ್ನು, ಕೊರಳಪಟ್ಟಿ ಎಲ್ಲವನ್ನೂ ಬೇರೆಬೇರೆಯಾಗಿಯೇ ಮಡಚಿ ಚೀಲಕ್ಕೆ ತುಂಬಿ ಕೊಟ್ಟಳು. “ಬರ್ತೀನಕ್ಕ,” ಎಂದು ನಗುತ್ತಲೇ ಅವಳು ಮೆಟ್ಟಿಲಿಳಿದು ಹೋದಳು.

ಆ ವಾರ ಹಾಗೆ ಬಟ್ಟೆ ವಾಪಸು ಒಯ್ದವರಲ್ಲಿ ಅವಳು ಮೊದಲನೆಯವಳೇನಲ್ಲ.

ಆದದ್ದಿಷ್ಟೇ. ಎದುರು ಸಾಲಿನ ಗಡಿಯಾರ ರಿಪೇರಿಯವನ ಜೊತೆ ಟೈಲರಕ್ಕ ಹೋಟೆಲಿನಲ್ಲಿ ಕೂತು ಕಾಫಿ ಕುಡಿದಿದ್ದಳು. ಅವನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇವಳ ಗಂಡ ಕೋರ್ಟಿನಲ್ಲಿ ಸಂಬಂಧ ಕಡಿದುಕೊಂಡು ಬೇರೆ ಸಂಸಾರ ಹೂಡಿಯೂ ಒಂದು ಕಾಲವಾಗಿತ್ತು. ಒಳಗಿನ ಮೂಲೆಯ ಮೇಜಿಗೆ ಹೊರಟವಳನ್ನು ತಡೆದು ಬೀದಿಗೆ ಕಾಣುವ ಕಿಟಕಿಯ ಪಕ್ಕ ಕೂರಿಸಿದ್ದವನೂ ಆ ಗಡಿಯಾರದವನೇ. “ಮದುವೆ ಆಗೋರು ನಾವು, ಕದ್ದುಮುಚ್ಚಿ ಯಾಕೆ ಕೂತ್ಕೋಬೇಕು?” ಎಂದಿದ್ದ. ಆ ಮಾತಿಗೆ ಅವಳ ಹೊಟ್ಟೆಯೊಳಗೆಲ್ಲ ತಂಪಾಗಿತ್ತು.

ಯಾರ ಮನೆಯಲ್ಲಿ ಲೋಟ ಬಿದ್ದರೂ ಬೀದಿಗೆಲ್ಲ ಕೇಳಿಸುವಷ್ಟು ಸದ್ದಿಲ್ಲದ ಊರು ಅದು. ಜಗಳವಿಲ್ಲ, ರಂಪವಿಲ್ಲ, ಮುಖಕ್ಕೆ ಹೊಡೆದ ಹಾಗೆ ಯಾರೂ ಮಾತಾಡುವುದಿಲ್ಲ. ಟೈಲರಕ್ಕನಿಗೂ ಯಾರೂ ಏನೂ ಅನ್ನಲಿಲ್ಲ. ಅವಳು ತರಕಾರಿ ಅಂಗಡಿಗೆ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೆ. ಮನೆಯಲ್ಲಿ ಅಣ್ಣ ತಟ್ಟೆಯಿಂದ ತಲೆಯೆತ್ತದೆ ಉಣ್ಣುತ್ತಿದ್ದ. ಅತ್ತಿಗೆ ಮಾತ್ರ ಒಮ್ಮೆ, “ನಾವೇನೂ ಬೇಡ ಅನ್ನಲ್ಲಪ್ಪ, ನಿನ್ನ ಜೀವನ ನಿಂದು,” ಎಂದು ಪಾತ್ರೆಯನ್ನು ಕುಕ್ಕಿದ್ದಳು.

ಕ್ಯಾಷಿಯರನ ಹೆಂಡತಿ ತಿರುವು ದಾಟುತ್ತಲೂ ಟೈಲರಕ್ಕ ಮೆಷಿನ್ನಿನಿಂದ ಎದ್ದಳು. ನಡುಹಗಲಲ್ಲಿ, ಎಲ್ಲರ ಕಣ್ಣೆದುರೇ ಬೀದಿ ದಾಟಿ ಗಡಿಯಾರದವನ ಮೇಜಿನ ಮುಂದೆ ನಿಂತಳು.

“ಈ ವಾರವೇ ರಿಜಿಸ್ಟರ್ ಮಾಡಿಸಿಬಿಡೋಣ. ಸುಮ್ನೆ ಎಳೆಯೋದು ಯಾಕೆ?”

ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯಲಿಲ್ಲ. “ಸ್ವಲ್ಪ ತಡೀರಿ. ಮಗಳು ಫೋನ್ ಎತ್ತುತ್ತಿಲ್ಲ. ಅಂಗಡಿಗೂ ಯಾರೂ ಬರ್ತಿಲ್ಲ. ಊರು ಚಿಕ್ಕದು ನೋಡಿ...”

“ಅವತ್ತು ಕಿಟಕಿ ಹತ್ರ ಕೂತಾಗ ದೊಡ್ಡದಿತ್ತಾ?”

ಅವನು ಚಿಮಟದಿಂದ ಗಡಿಯಾರದೊಳಗೆ ಏನನ್ನೋ ಹುಡುಕುತ್ತಲೇ ಇದ್ದ. “ಹಾಗಲ್ಲ... ನೀವು ಇನ್ಮೇಲೆ ಈ ಕಡೆ ಬರದೇ ಇದ್ರೆ ಇಬ್ಬರಿಗೂ ಒಳ್ಳೇದು.”

ಅವಳಿಗೆ ಅಳು ಬರಲಿಲ್ಲ. ಮೇಜನ್ನು ಬೀದಿಗೆ ಉರುಳಿಸಿಬಿಡಬೇಕೆನಿಸಿತು. ಅದರ ಸದ್ದಾದರೂ ಈ ಊರಿಗೆ ಕೇಳಲಿ. ಆದರೆ ಕೈ ಮೇಲೇಳಲಿಲ್ಲ. ಅವಳೂ ಅದೇ ಊರಿನವಳು.

ಮುಂದಿನ ತಿಂಗಳ ಹೊತ್ತಿಗೆ ಅಂಗಡಿಯಲ್ಲಿ ಮತ್ತೆ ಬಟ್ಟೆ ರಾಶಿ ಬಿತ್ತು. ಅಣ್ಣ ಊಟದ ನಡುವೆ ಮಾತಾಡತೊಡಗಿದ. ಒಂದು ಮಧ್ಯಾಹ್ನ ಕ್ಯಾಷಿಯರನ ಹೆಂಡತಿಯೂ ಮಗಳ ಹೊಸ ಲಂಗದ ಅಂಚು ಹೊಲಿಸಲು ಬಂದಳು. ಮಗಳನ್ನು ಸ್ಟೂಲಿನ ಮೇಲೆ ಹತ್ತಿಸಿ, ಟೈಲರಕ್ಕನ ಹೆಗಲ ಮೇಲೆ ಕೈಯಿಟ್ಟು, “ನೀವು ಹೊಲಿದ ಹಾಗೆ ಯಾರೂ ಹೊಲಿಯಲ್ಲ ಬಿಡಿ. ಆರಾಮಾಗಿದೀರಾ ಅಕ್ಕ?” ಎಂದಳು.

ಲಂಗದ ಅಂಚಿನ ಬಳಿ ಮಂಡಿಯೂರಿದ್ದ ಟೈಲರಕ್ಕನ ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನುಗಳಿದ್ದವು. ಅವಳು ಹೌದೆನ್ನುವಂತೆ ತಲೆ ಅಲ್ಲಾಡಿಸಿ, ಒಂದೊಂದಾಗಿ ತೆಗೆದು ಅಂಚಿಗೆ ಚುಚ್ಚುತ್ತ ಹೋದಳು.