ಕಾಂಡಕ್ಕೆ ಸೇರಿತಾ?

ನಾನು ಒಂದು ಕೊಂಬೆ. ಹಕ್ಕಿ ಕೂರುವ ಕೊಂಬೆಯಲ್ಲ, ‘ನೇಸರ’ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸ್ಥಿರ ಕೊಂಬೆ. ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ತಂತ್ರಾಂಶ ನಮ್ಮದು. ಅದರ ಕಾಂಡದಲ್ಲಿ, ಅಂದರೆ ಎಲ್ಲ ಕೊಂಬೆಗಳೂ ಹುಟ್ಟುವ ಮೂಲ ಪ್ರತಿಯಲ್ಲಿ, ದಿನಾ ಏನೋ ಚಿಗುರುತ್ತದೆ, ದಿನಾ ಏನೋ ಮುರಿಯುತ್ತದೆ. ಒಂದು ದಿನ ಎಲ್ಲರೂ ಸೇರಿ, “ಇಷ್ಟು ಸಾಕು, ಇದನ್ನು ಜನ ನೆಮ್ಮದಿಯಾಗಿ ಬಳಸಲಿ” ಎಂದು ನನ್ನನ್ನು ಕವಲೊಡೆಸಿ, ‘ಹೊನ್ನೆ’ ಎಂದು ಹೆಸರಿಟ್ಟರು. ಅಂದಿನಿಂದ ನನಗೆ ಹೊಸ ಚಿಗುರಿಲ್ಲ. ದೋಷ ಕಂಡರೆ ರಿಪೇರಿ ಮಾತ್ರ.

ನನ್ನನ್ನು ನೋಡಿಕೊಳ್ಳುವ ಹೊಣೆ ಮೈಸೂರಿನ ಮಂದಾಕಿನಿಯವರಿಗೆ ಬಂತು. ಅಬ್ಬಾ, ಎಂಥ ಗಟ್ಟಿ ಹೆಂಗಸು! ಯಾರು ಯಾವ ರಿಪೇರಿ ತಂದರೂ ಅವರದು ಒಂದೇ ಪ್ರಶ್ನೆ: “ಕಾಂಡಕ್ಕೆ ಸೇರಿತಾ?” ಮೊದಲು ಕಾಂಡಕ್ಕೆ, ಆಮೇಲೆ ನನಗೆ. ಜನ ಬೆನ್ನ ಹಿಂದೆ ಅವರನ್ನು ‘ಕಾಂಡಮ್ಮ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದರೂ ಅವರು ಕ್ಯಾರೇ ಅನ್ನಲಿಲ್ಲ.

ಧಾರವಾಡದ ಒಂದು ಅಂಧ ಮಕ್ಕಳ ಶಾಲೆಯ ಹಳೆಯ ಕಂಪ್ಯೂಟರ್‌ಗಳಲ್ಲಿ ನಾನಿದ್ದೆ. ಪರದೆಯ ಮೇಲಿದ್ದುದನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಹೊಸದಾಗಿ ಬಂದ ರಿಪೇರಿಯೊಂದು ಎಡವಟ್ಟು ಮಾಡಿತು. ಸೋಮವಾರ ಪರೀಕ್ಷೆ ಎನ್ನುವಾಗ ಶಿವಲೀಲಾ ಟೀಚರ್ ಮಂದಾಕಿನಿಯವರಿಗೆ ಫೋನ್ ಮಾಡಿದರು. ಟೀಚರಿಗೂ ಕಣ್ಣು ಕಾಣುವುದಿಲ್ಲ.

“ಮೇಡಂ, ‘ಕನ್ನಡ’ ಅಂದ್ರ ಚಲೋ ಓದತೈತ್ರಿ. ‘ಕರ್ನಾಟಕ’ ಬಂತಂದ್ರ ಬಾಯಿ ಮುಚ್ಚತೈತ್ರಿ. ಮಕ್ಕಳು ಪರೀಕ್ಷಾ ಹ್ಯಾಂಗ ಬರೀಬೇಕ್ರಿ?”

ಅರ್ಕಾವತ್ತು ಬಂದಲ್ಲೆಲ್ಲ ನಾನು ಮೂಕ! ನಾಚಿಕೆಯಿಂದ ಕುಗ್ಗಿಹೋದೆ.

ಮಂದಾಕಿನಿಯವರ ಜೊತೆ ಕೆಲಸ ಮಾಡುವ ಇಮ್ತಿಯಾಜ್ ಕೂತಲ್ಲೇ ಎರಡು ಸಾಲು ತಿದ್ದಿ ನೇರ ನನಗೇ ಹಾಕಿದರು. ನಾನು ‘ಕರ್ನಾಟಕ’ ಎಂದೆ. ಅವರಿನ್ನೂ ಹಿಗ್ಗುತ್ತಿರುವಾಗಲೇ ಮಂದಾಕಿನಿ ಆ ಸಾಲುಗಳನ್ನು ಕಿತ್ತುಹಾಕಿದರು.

“ಮೇಡಂ, ಮಕ್ಕಳ ಪರೀಕ್ಷೆ! ಕಾಂಡಕ್ಕೆ ಆಮೇಲೆ ಹಾಕೋಣ.”

“ಆ ಆಮೇಲೆ ಬರೋದೇ ಇಲ್ಲ, ಇಮ್ತಿಯಾಜ್. ಇಲ್ಲಿ ಮಾತ್ರ ಸರಿಮಾಡಿ ಮರೆತುಬಿಟ್ರೆ, ಮುಂದಿನ ಕೊಂಬೆ ಬಂದಾಗ ಆ ಶಾಲೆ ಮಕ್ಕಳು ಮತ್ತೆ ಮೂಕ ಯಂತ್ರದ ಮುಂದೆ ಕೂರ್ತಾರೆ.”

ಎಂಥ ಕಲ್ಲುಮನಸ್ಸು ಅನ್ನಿಸಿತು ನನಗೆ. ಆದರೆ ಅವರು ಕೈಕಟ್ಟಿ ಕೂರಲಿಲ್ಲ. ಕಾಂಡ ನೋಡಿಕೊಳ್ಳುವವರ ಬೆನ್ನು ಬಿದ್ದರು. ಶಿವಲೀಲಾ ಟೀಚರ್ ಮತ್ತೆ ಮತ್ತೆ ಫೋನ್ ಮಾಡಿ, “ಕಾಂಡಕ್ಕ ಸೇರ್ತೇನ್ರಿ?” ಎಂದು ಕೇಳತೊಡಗಿದರು. ಕಾಂಡದವರು ಪರೀಕ್ಷಿಸಿ ನೋಡಿದಾಗ ಇಮ್ತಿಯಾಜ್ ಅವರ ತಿದ್ದುಪಡಿಯಲ್ಲೇ ಕೊರತೆ ಸಿಕ್ಕಿತು. ‘ಕರ್ನಾಟಕ’ ಬರುತ್ತಿತ್ತು, ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತಿರುವ ‘ಸಾಮರ್ಥ್ಯ’ ಬರುತ್ತಿರಲಿಲ್ಲ. ಇಮ್ತಿಯಾಜ್ ಅದನ್ನೂ ಸರಿಪಡಿಸಿದರು. ರಿಪೇರಿ ಕಾಂಡಕ್ಕೆ ಸೇರಿ, ಶನಿವಾರ ನನಗೂ ಬಂತು. ಸೋಮವಾರ ಮಕ್ಕಳು ಪರೀಕ್ಷೆ ಬರೆದರು. ಮಂದಾಕಿನಿಯವರ ಮೇಲೆ ನನಗಿದ್ದ ಮುನಿಸು ಅಂದೇ ಕರಗಿತು.

ಈಗ ನನಗೆ ವಯಸ್ಸಾಗಿದೆ. ‘ಹೊನ್ನೆಗೆ ಬೆಂಬಲ ಮುಗಿಯಿತು’ ಎಂದು ಪ್ರಕಟಿಸಿದ್ದಾರೆ, ಇನ್ನು ರಿಪೇರಿಯೂ ಇಲ್ಲ. ಶಾಲೆಯ ಮೂಲೆಯ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ಉಳಿದಿದ್ದೇನೆ. ಮೊನ್ನೆ ಹೊಸ ಯಂತ್ರಗಳು ಬಂದವು, ಹೊಸ ಕೊಂಬೆ ‘ಮತ್ತಿ’ಯನ್ನು ಹೊತ್ತು. ಶಿವಲೀಲಾ ಟೀಚರ್ ಅದರ ಮುಂದೆ ಕೂತು ಒಂದೇ ಪದ ಟೈಪ್ ಮಾಡಿದರು. ನಾನು ಮೂಲೆಯಿಂದಲೇ ಕಿವಿಗೊಟ್ಟೆ.

“ಸಾಮರ್ಥ್ಯ,” ಎಂದಿತು ಹೊಸ ದನಿ, ತೊದಲದೆ.

ಟೀಚರ್ ನಗುತ್ತಾ ಮೈಸೂರಿಗೆ ಫೋನ್ ಹಚ್ಚಿದರು.

“ಕಾಂಡಕ್ಕ ಸೇರೈತ್ರೀ, ಮೇಡಂ.”