ಪೇಪರ್ ಹಿಂದಿನ ಅಡುಗೆಭಟ್ಟ

ಮನೆಯವರೆಲ್ಲ ಅವಳನ್ನು ಜಾಣಮ್ಮ ಎಂದೇ ಕರೆಯುತ್ತಿದ್ದರು. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು, ಆಮ್ಲವನ್ನು ಹನಿಹನಿಯಾಗಿ ಅಳೆದು ಸುರಿಯಬಲ್ಲವಳು. ಅಂಥವಳು ಬಾಡಿಗೆ ಕೋಣೆ ಹಿಡಿದ ಮೊದಲ ವಾರವೇ ಅನ್ನವನ್ನು ಒಮ್ಮೆ ಅಂಟು ಮಾಡಿದಳು, ಒಮ್ಮೆ ಕಲ್ಲು ಮಾಡಿದಳು, ಮತ್ತೊಮ್ಮೆ ತಳದಲ್ಲಿ ಕಲ್ಲು, ಮೇಲೆ ಅಂಟು ಮಾಡಿದಳು. ವಿಜ್ಞಾನಕ್ಕೆ ದೊಡ್ಡ ಕೊಡುಗೆಯೇ. ಹೊಟ್ಟೆಗೆ ಮಾತ್ರ ಏನೂ ದಕ್ಕಲಿಲ್ಲ.

ಸೋತು ಸುಣ್ಣವಾಗಿ, ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಎಣ್ಣೆ ಬಾಟಲಿಗೆ ಒರಗಿಸಿದಳು. ಅತ್ತ ಕಡೆ ಅಮ್ಮ, ಪಕ್ಕದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಯೋಗಕ್ಷೇಮ ವಿಚಾರಿಸಲು ಬರುವ ದೊಡ್ಡಮ್ಮ, ಹಿಂದಿನ ಕುರ್ಚಿಯಲ್ಲಿ ಪೇಪರ್ ಹಿಡಿದ ಅಪ್ಪ. ಅಪ್ಪನಿಗೆ ನೀರು ಕಾಯಿಸಲೂ ಬಾರದೆಂಬುದು ಆ ಮನೆಯಲ್ಲಿ ಎಲ್ಲರೂ ಒಪ್ಪಿದ ಸತ್ಯ. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಲು ಉಕ್ಕಿಸಿದ್ದರಂತೆ. ಅಲ್ಲಿಂದಾಚೆಗೆ ಯಾರೂ ಅವರನ್ನು ಒಲೆಯ ಹತ್ತಿರ ಬಿಡಲಿಲ್ಲ, ಪಾಪ.

"ನೀರು ಎಷ್ಟು ಹಾಕ್ಲಿ ಅಮ್ಮಾ?"

"ಎಷ್ಟು ಬೇಕೋ ಅಷ್ಟು."

"ಅಂದ್ರೆ?"

"ಅದನ್ನೆಲ್ಲ ಅಳೀತಾರಾ? ಕೈಗೇ ಗೊತ್ತಾಗುತ್ತೆ ಕಣೇ."

ಜಾಣಮ್ಮ ತನ್ನ ಕೈ ನೋಡಿಕೊಂಡಳು. ಅದಕ್ಕೇನೂ ಗೊತ್ತಿದ್ದಂತೆ ಕಾಣಲಿಲ್ಲ.

"ಒಂದಕ್ಕೆ ಮೂರು ಹಾಕು," ಎಂದರು ದೊಡ್ಡಮ್ಮ.

"ಅದಕ್ಕೇ ಅಕ್ಕಾ, ನಿಮ್ಮನೇಲಿ ಅನ್ನಾನ ಕುಡೀಬೇಕು."

"ನಿಮ್ಮನೆ ಅನ್ನ ತಿಂದು ನನ್ನ ಹಲ್ಲು ಅಲ್ಲಾಡ್ತಿದೆ, ಅದನ್ನ ಹೇಳು!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪಾಠ ಮರೆತು ಇಬ್ಬರೂ ಹಳೆಯ ಊಟಗಳ ಲೆಕ್ಕ ಚುಕ್ತಾ ಮಾಡತೊಡಗಿದರು. ಆಗ ಪೇಪರ್ ಹಿಂದಿನಿಂದ ಒಂದು ಕೈ ಮೇಲೆದ್ದಿತು. ತೋರುಬೆರಳನ್ನು ಎತ್ತಿ, ಅದರ ಮೊದಲ ಗೆಣ್ಣಿಗೆ ಹೆಬ್ಬೆರಳಿಟ್ಟು ತೋರಿಸಿತು: ಅಕ್ಕಿಯ ಮೇಲೆ ಇಷ್ಟು ನೀರು. ಕುದಿ ಬಂದಾಗ ಅದೇ ಕೈ ಉರಿ ತಗ್ಗಿಸೆಂದು ಕೆಳಗಿಳಿಯಿತು, ಆಮೇಲೆ ಮುಚ್ಚೆಂದು ಬೋರಲಾಯಿತು. ಜಾಣಮ್ಮ ಆ ಕೈ ತೋರಿಸಿದಂತೆಯೇ ಮಾಡಿದಳು. ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದರೆ ಅನ್ನ ಮಲ್ಲಿಗೆಯಂತೆ ಅರಳಿತ್ತು.

"ಅಪ್ಪಾ, ಬಂತು!" ಎಂದು ಕಿರುಚಿಬಿಟ್ಟಳು.

ಜಗಳ ಗಕ್ಕನೆ ನಿಂತಿತು. ಅಮ್ಮ ಹಿಂದೆ ತಿರುಗಿದರು.

"ಏನ್ರೀ ಅದು?"

"ಏನಿಲ್ಲ, ನೊಣ ಓಡಿಸ್ತಿದ್ದೆ."

"ನೊಣ ಓಡಿಸೋಕೆ ಬೆರಳಿನ ಗೆಣ್ಣು ಯಾಕೆ?" ಎಂದರು ದೊಡ್ಡಮ್ಮ. ಅವರ ಕಣ್ಣಿಗೆ ಬೇಡದ್ದೆಲ್ಲ ಬೀಳುತ್ತಿತ್ತು.

ಅಪ್ಪ ಪೇಪರ್ ಮಡಚಿದರು. "ಓದೋವಾಗ ರೂಮಲ್ಲಿ ನಾನೇ ಮಾಡ್ತಿದ್ದೆ. ನಾಲ್ಕು ಜನಕ್ಕೆ. ಚೆನ್ನಾಗೇ ಆಗ್ತಿತ್ತು," ಎಂದರು, ಕೊನೆಯ ಮಾತಿನಲ್ಲಿ ಹೆಮ್ಮೆ ತಡೆಯಲಾರದೆ.

"ಮತ್ತೆ ಇಷ್ಟು ವರ್ಷ?"

"ನೀನು ಕೇಳಲಿಲ್ವಲ್ಲ."

ಅಮ್ಮ ಕೂಗಾಡಲಿಲ್ಲ. ಸೌಟನ್ನು ತಂದು ಮಡಚಿದ ಪೇಪರ್ ಮೇಲಿಟ್ಟರು. "ಈಗ ಕೇಳ್ತಿದ್ದೀನಿ."

ಫೋನ್ ಆಫ್ ಮಾಡಲು ಯಾರಿಗೂ ನೆನಪಾಗಲಿಲ್ಲ. ಅಪ್ಪ ಈರುಳ್ಳಿ ಹೆಚ್ಚುವುದನ್ನು ನೋಡುತ್ತ ಜಾಣಮ್ಮ ಬಿಸಿ ಅನ್ನ ತಿಂದಳು. ಚಾಕು ಹಿಡಿದ ಕೈ ಯಾವುದನ್ನೂ ಮರೆತಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ತಟ್ಟೆ ಮುಂದೆ ಬಂದಾಗ ಏನಾದರೂ ಕುಂದು ಹುಡುಕಲು ಬಹಳ ಪ್ರಯತ್ನಪಟ್ಟರು. ಸಿಗಲಿಲ್ಲ. ಅದೇ ಅವರಿಗೆ ತಡೆಯಲಾಗದ ಕೋಪ.

"ಇಷ್ಟು ಚೆನ್ನಾಗಿ ಬರುತ್ತಾ ನಿಮಗೆ!" ಎಂದು ಬೈಯುತ್ತಲೇ ಎರಡನೇ ಸಲ ಬಡಿಸಿಕೊಂಡರು. ಅಮ್ಮ ಎಲ್ಲರಿಗಿಂತ ಮೊದಲು, ಬಿಸಿಬಿಸಿಯಾಗಿ ಉಣ್ಣುವುದನ್ನು ಜಾಣಮ್ಮ ಕಂಡದ್ದು ಅದೇ ಮೊದಲು.