ಆಯಮ್ಮನ ಕಿವಿ ದಾಟದ ನೋಟಿಸು

ಸರ್ಕಾರಿ ಆಸ್ಪತ್ರೆಯ ಪ್ರಚಾರ ವಿಭಾಗದಲ್ಲಿ ಒಂದು ಕಾಲಕ್ಕೆ ನಾಲ್ಕು ಜನರಿದ್ದರು. ಅನುದಾನಕ್ಕೆ ವರ್ಷ ವರ್ಷವೂ ಕತ್ತರಿ ಬಿದ್ದು ಕೊನೆಗೆ ಉಳಿದವಳು ನೋಟಿಸ್ ಮೇಡಂ ಒಬ್ಬಳೇ. ಆ ಹೆಸರಿಟ್ಟವರು ರೋಗಿಗಳು. ಖಾಲಿಯಾದ ಮೂರು ಕುರ್ಚಿಗಳಲ್ಲಿ ಎರಡನ್ನು ಯಾರೋ ಹೊತ್ತುಕೊಂಡು ಹೋದರು. ಮೂರನೆಯದನ್ನು ಮಾತ್ರ ಮೇಡಂ ಜಪ್ಪಯ್ಯ ಅಂದರೂ ಬಿಟ್ಟುಕೊಡಲಿಲ್ಲ. ಅದು ಆಯಮ್ಮನ ಕುರ್ಚಿ.

ಡಯಾಲಿಸಿಸ್ ವಾರ್ಡು ಗುಡಿಸಿ ಒರೆಸುವ ಆಯಮ್ಮನಿಗೆ ಓದು ಬಾರದು. ಮೇಡಂಗೆ ಬೇಕಾದದ್ದೂ ಅದೇ. ಒಂಬತ್ತು ವರ್ಷದಿಂದ ಯಾವ ನೋಟಿಸೇ ಇರಲಿ, ಅಚ್ಚಿಗೆ ಹೋಗುವ ಮೊದಲು ಆಯಮ್ಮನ ಕಿವಿ ದಾಟಬೇಕಿತ್ತು. ಆಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ ಕೇಳಿ, “ಸರಿ, ಈಗ ನಾನೇನು ಮಾಡ್ಬೇಕು?” ಎನ್ನುವಳು. ಅದಕ್ಕೆ ಕಾಗದದಲ್ಲಿ ಉತ್ತರವಿಲ್ಲದಿದ್ದರೆ ಕಾಗದ ಸೀದಾ ಕಸದ ಬುಟ್ಟಿಗೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎನ್ನುವಂಥ ಘನವಾದ ಮಾತುಗಳು ಆ ಕುರ್ಚಿಯ ಮುಂದೆ ಎಷ್ಟು ಸಲ ಮುಖಭಂಗ ಅನುಭವಿಸಿದವೋ ದೇವರೇ ಬಲ್ಲ.

ಆ ಗುರುವಾರ ಆಸ್ಪತ್ರೆಯ ಸಾಹೇಬರು ಎರಡು ಕೆಲಸ ಒಟ್ಟಿಗೆ ಹೇಳಿದರು. ಖರ್ಚು ಉಳಿಸಲು ಡಯಾಲಿಸಿಸ್ ಘಟಕ ಸೋಮವಾರದಿಂದ ಊರಾಚೆಯ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ರೋಗಿಗಳಿಗೆ ನೋಟಿಸು ಬರೆಯಬೇಕು. ವಾರ್ಡಿನ ಕೆಲಸದವರನ್ನು ಬಿಡಿಸುತ್ತಿದ್ದೇವೆ, ಅವರಿಗೆ ಪತ್ರ ಬರೆಯಬೇಕು. ಪಟ್ಟಿಯಲ್ಲಿ ಮೊದಲನೆಯವಳೇ ಆಯಮ್ಮ.

ಯಾವ ಮುಖ ಇಟ್ಟುಕೊಂಡು ಅವಳನ್ನು ಕರೆದು ಕೂರಿಸುವುದು? ಎರಡು ದಿನ ಮೇಡಂ ತಲೆ ತಪ್ಪಿಸಿಕೊಂಡು ಓಡಾಡಿದಳು. ಆಯಮ್ಮನ ಪತ್ರದ ಕೆಳಗೆ ತನ್ನ ಕೈಯಾರೆ ನಾಲ್ಕು ಸಾಲು ಸೇರಿಸಿದಳು. ನೋಟಿಸನ್ನು ಮಾತ್ರ ಸಾಹೇಬರು ಹೇಳಿದ ಹಾಗೆಯೇ ಬರೆದು, ಯಾರಿಗೂ ಓದಿ ಹೇಳದೆ ಕಳಿಸಿಬಿಟ್ಟಳು.

ಶನಿವಾರ ಮಧ್ಯಾಹ್ನ ರೋಗಿಯೊಬ್ಬಳ ಗಂಡ ಫೋನು ಮಾಡಿದ. “ಮೇಡಂ, ಘಟಕ ಮುಚ್ತೀವಿ, ಪರ್ಯಾಯ ವ್ಯವಸ್ಥೆ ಮಾಡಿದೀವಿ ಅಂತ ಬರ್ದಿದೀರಿ. ಹಾಗಾದ್ರೆ ನಮ್ಮನೆಯವಳು ಇನ್ಮೇಲೆ ಮನೇಲೇ ಇರೋದಾ?”

ಮೇಡಂ ನೋಟಿಸನ್ನು ಮತ್ತೆ ತೆಗೆದು ಓದಿದಳು. ಹಳೆಯ ಗೇಟಿನಿಂದಲೇ ಬೆಳಿಗ್ಗೆ ಆರೂವರೆಗೆ ದೊಡ್ಡ ಆಸ್ಪತ್ರೆಗೆ ವ್ಯಾನು ಹೊರಡುತ್ತದೆ ಎಂಬ ಮುಖ್ಯವಾದ ಮಾತೇ ನೋಟಿಸಿನಲ್ಲಿಲ್ಲ. ಸೋಮವಾರದ ಸರದಿಯವರು ಹದಿನಾರು ಜನ. ಒಂದು ಸಲ ತಪ್ಪಿದರೆ ಮೈಯೆಲ್ಲ ಊದಿ ಉಸಿರು ಕಟ್ಟುತ್ತದೆ, ಎರಡು ಸಲ ತಪ್ಪಿದರೆ ಜೀವಕ್ಕೇ ಸಂಚಕಾರ. ಅವಳು ಭಾನುವಾರ ಸಂಜೆಯವರೆಗೆ ಫೋನು ಮಾಡುತ್ತಲೇ ಇದ್ದಳು. ಹನ್ನೊಂದು ಜನ ಸಿಕ್ಕರು. ಐವರ ನಂಬರು ಬದಲಾಗಿತ್ತು. ವಿಳಾಸ ನೋಡೋಣವೆಂದರೆ ಕಂಪ್ಯೂಟರು ಆಗಲೇ ಲಾರಿ ಹತ್ತಿ ದೊಡ್ಡ ಆಸ್ಪತ್ರೆ ಸೇರಿತ್ತು.

ಸೋಮವಾರ ಆರು ಗಂಟೆಗೆ ಅವಳು ಏದುಸಿರು ಬಿಡುತ್ತ ಗೇಟಿಗೆ ಬಂದಳು. ವ್ಯಾನು ನಿಂತಿತ್ತು. ಪಕ್ಕದಲ್ಲಿ ವಾರ್ಡಿನ ಹಳೆಯ ಸ್ಟೂಲಿನ ಮೇಲೆ ಆಯಮ್ಮ ಕೂತಿದ್ದಳು. ಕೈಯಲ್ಲಿ ಪೊರಕೆ ಇರಲಿಲ್ಲ.

“ಎಣಿಸ್ಕೋ,” ಅಂದಳು ಆಯಮ್ಮ.

ಮೇಡಂ ಕಿಟಕಿಯಿಂದ ಕಿಟಕಿಗೆ ನಡೆದು ಎಣಿಸಿದಳು. ಹದಿನಾರು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದಳು. ಆ ಐವರೂ ಒಳಗಿದ್ದರು, ಒಬ್ಬ ಆಗಲೇ ಗೊರಕೆ ಹೊಡೆಯುತ್ತಿದ್ದ.

“ಶನಿವಾರ ಔಷಧಿ ಅಂಗಡಿಯವನ ಹತ್ರ ನಿನ್ನ ನೋಟಿಸು ಓದಿಸ್ದೆ,” ಅಂದಳು ಆಯಮ್ಮ. “ತಲೆಬುಡ ತಿಳೀಲಿಲ್ಲ. ವ್ಯಾನ್ ಡ್ರೈವರ್ ನಮ್ಮ ಬೀದಿಯವನೇ, ಅವನನ್ನ ಕೇಳ್ಕೊಂಡು ನಿನ್ನೆ ಮನೆಮನೆಗೂ ಹೋಗಿ ಹೇಳ್ಬಂದೆ. ಒಂಬತ್ತು ವರ್ಷ ಅವರ ಮಂಚದ ಕೆಳಗೆ ಗುಡಿಸಿದೀನಿ, ಮನೆ ಗೊತ್ತಿರಲ್ವಾ? ನನಗೆ ಯಾಕೆ ಓದಿ ಹೇಳ್ಲಿಲ್ಲ?”

“ನಿಮ್ಮ ಮುಖ ನೋಡೋಕಾಗ್ಲಿಲ್ಲ ಆಯಮ್ಮ.” ಮೇಡಂ ಆಯಮ್ಮನ ಒರಟು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. “ಇವತ್ತು ನೀವು ಇವರ ಜೀವ ಉಳಿಸಿದ್ರಿ, ನನ್ನನ್ನೂ ಉಳಿಸಿದ್ರಿ. ಈ ಋಣ ನಾನು ಸಾಯೋವರೆಗೂ ಮರೆಯಲ್ಲ.”

“ಸಾಕು ಬಿಡು, ಬೆಳಿಗ್ಗೆ ಬೆಳಿಗ್ಗೆ ಸಾಯೋ ಮಾತು ಯಾಕೆ.” ಆಯಮ್ಮ ಸೆರಗಿನಿಂದ ಮಡಿಸಿದ ಪತ್ರ ತೆಗೆದಳು. “ಇದನ್ನೂ ಓದಿಸ್ದೆ. ಇದು ಒಂದೇ ಸಲಕ್ಕೆ ಅರ್ಥ ಆಯ್ತು. ‘ನಿಮ್ಮ ಕಿವಿ ದಾಟದೆ ನಮ್ಮ ಒಂದು ಮಾತೂ ಹೊರಗೆ ಹೋಗಲಿಲ್ಲ, ನಿಮಗೆ ಈ ಆಸ್ಪತ್ರೆ ಋಣಿ’ ಅಂತ ಬರ್ದಿದೀಯ. ಅಂಗಡಿಯವನ ಕೈಲಿ ಎರಡು ಸಲ ಓದಿಸ್ದೆ. ಚೆನ್ನಾಗಿದೆ. ಈಗ ನಾನೇನು ಮಾಡ್ಬೇಕು ಅನ್ನೋದೊಂದು ಅದ್ರಲ್ಲಿರ್ಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.”

ವ್ಯಾನು ಹೊರಟಿತು, ಕಿಟಕಿಗಳಿಂದ ಕೈಗಳು ಆಯಮ್ಮನ ಕಡೆಗೇ ಬೀಸಿದವು. ಮೇಡಂ ಗೇಟಿನ ಕಟ್ಟೆಯ ಮೇಲೆ ಕೂತು, ನೋಟಿಸಿನ ಹಿಂಬದಿಯಲ್ಲಿ ಮಂಗಳವಾರದ ಸರದಿಯವರಿಗೆ ಹೊಸದಾಗಿ ಬರೆಯತೊಡಗಿದಳು. ಆಯಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು.

“ಹೂಂ, ಓದು,” ಅಂದಳು.